ಮಶೀನ್ ಹೊಸದು, ಫೈಲ್ ಹಳೆಯದು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ನಿಯಮಿತ ಬೆಂಬಲ ನಿಂತಿತು. ಅದೇ ದಿನ ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾದರೂ ಆಗಬೇಕು. ಹೀಗಾಗಿ ವಿಜಯಪುರದ ಸ್ಟೇಷನ್ ರಸ್ತೆಯ ಲೆಕ್ಕಪತ್ರದ ಆಫೀಸುಗಳಿಂದ ಹಿಡಿದು ಅಥಣಿ ರಸ್ತೆಯ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಗಳವರೆಗೆ, ಜಮಖಂಡಿ ರಸ್ತೆಯ ಬಬಲೇಶ್ವರದ ಡಿಟಿಪಿ ಅಂಗಡಿಗಳವರೆಗೆ, ಹತ್ತು ವರ್ಷ ದುಡಿದ ಮಶೀನ್ ತೆಗೆದು ಹೊಸದು ತರುವ ಕೆಲಸ ನಡೆದಿದೆ. ತಂದವರಲ್ಲಿ ಹಲವರ ಬಾಯಲ್ಲಿ ಈಗ ಒಂದೇ ಮಾತು: "ಹೊಸಾ ಕಂಪ್ಯೂಟರ್ ತಂದೀವ್ರಿ, ಖರೆ ಎಕ್ಸೆಲ್ ಮೊದಲಿನಕಿಂತ ನಿಧಾನ ಆಗೇದ."

ಈ ದೂರನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಲವತ್ತು, ಐವತ್ತು ಸಾವಿರ ರೂಪಾಯಿ ಸಣ್ಣ ವ್ಯಾಪಾರಕ್ಕೆ ಸಣ್ಣ ಮೊತ್ತವಲ್ಲ. ಅಷ್ಟು ಕೊಟ್ಟು ತಂದ ಮೇಲೂ ಲೆಕ್ಕದ ಹುಡುಗ ರಾತ್ರಿ ಒಂಬತ್ತರವರೆಗೆ ತಿರುಗುವ ಚಕ್ರ ನೋಡುತ್ತ ಕೂತಿದ್ದರೆ, ಎಲ್ಲೋ ಏನೋ ತಪ್ಪಿದೆ. ಆದರೆ ಸಾಮಾನ್ಯವಾಗಿ ಬೈಗುಳ ಬೀಳುವುದು ಎರಡು ಕಡೆ ಮಾತ್ರ: ಮಶೀನ್ ಮಾರಿದವನ ಮೇಲೆ ಇಲ್ಲವೇ ಆಫೀಸಿನ ಹೊಸ ಆವೃತ್ತಿಯ ಮೇಲೆ. ಮೂರನೆಯ ಕಾರಣವನ್ನು ಬಹಳ ಮಂದಿ ನೋಡುವುದೇ ಇಲ್ಲ. ಅದು ಹಳೆ ಮಶೀನಿನಿಂದ ಪೆನ್ ಡ್ರೈವ್‌ನಲ್ಲಿ ಹಾಗೇ ಎತ್ತಿ ತಂದ ಫೈಲ್.

ಇಲ್ಲಿ ಮೊದಲ ತೊಡಕು ಏನೆಂದರೆ, ಒಂದೇ ದಿನ ಎರಡು ಮೂರು ಸಂಗತಿ ಬದಲಾಗಿರುತ್ತವೆ. ಪ್ರೊಸೆಸರ್ ಬೇರೆ, ಡಿಸ್ಕ್ ಬೇರೆ, ವಿಂಡೋಸ್ ಬೇರೆ, ಆಫೀಸ್ ಬೇರೆ. ಕೊನೆಗೆ ನಿಧಾನವಾಯಿತು ಅಥವಾ ಜೋರಾಯಿತು ಎಂದರೆ ಯಾವುದರಿಂದ? ಆವೃತ್ತಿಗಳನ್ನು ಹೋಲಿಸಬೇಕಾದರೆ ಮಶೀನ್ ಒಂದೇ ಇರಬೇಕು, ಮಶೀನ್ ಹೋಲಿಸಬೇಕಾದರೆ ಆವೃತ್ತಿ ಒಂದೇ ಇರಬೇಕು. ಫೈಲ್ ಅಂತೂ ಎರಡೂ ಕಡೆ ಅದೇ ಇರಬೇಕು. ಇಷ್ಟು ಮಾಡದೆ ಹೇಳುವ ಯಾವ ಮಾತೂ ಊಹೆಯೇ.

ಸಾಫ್ಟ್‌ವೇರ್ ಭಾರವಾಗುತ್ತ ಹೋಗುತ್ತದೆ ಎಂಬುದು ಸುಳ್ಳಲ್ಲ. ಪ್ಯಾಸ್ಕಲ್ ಭಾಷೆ ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಇದನ್ನು ಬರೆದರು: ಯಂತ್ರಗಳು ವೇಗವಾಗುವುದಕ್ಕಿಂತ ಬೇಗನೆ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎಂಬುದು ಅವರ ವಾದ. ಅದಕ್ಕೆ ವಿರ್ತ್ ನಿಯಮ ಎಂದೇ ಹೆಸರು ಬಿದ್ದಿದೆ. ಆಫೀಸ್ 2003 ತೆರೆದರೆ ನೇರವಾಗಿ ಖಾಲಿ ಹಾಳೆ ಬರುತ್ತಿತ್ತು. 2013ರಿಂದ ಈಚೆಗೆ ಮೊದಲು ಆರಂಭದ ಪರದೆ ಬರುತ್ತದೆ, ಕರ್ಸರ್ ಜಾರುವುದಕ್ಕೂ ಅನಿಮೇಷನ್ ಇದೆ, ಜೊತೆಗೆ ಕ್ಲೌಡ್ ಖಾತೆಯ ಸಂಪರ್ಕ ಬೇರೆ. ಇವೆಲ್ಲ ಸೇರಿ ತೆರೆಯುವ ಹೊತ್ತನ್ನು ಉದ್ದ ಮಾಡುತ್ತವೆ, ನಿಜ. ಆದರೆ ತೆರೆಯುವುದು ದಿನಕ್ಕೆ ಒಂದೆರಡು ಸಲ. ವ್ಯಾಪಾರಿಯ ಹೊತ್ತು ತಿನ್ನುವುದು ಲೆಕ್ಕ. ಲೆಕ್ಕ ಮಾಡುವ ಒಳಗಿನ ಎಂಜಿನ್ ಮಾತ್ರ ಆವೃತ್ತಿಯಿಂದ ಆವೃತ್ತಿಗೆ ಚುರುಕಾಗಿದೆ. ಎಕ್ಸೆಲ್ 2007ರಿಂದ ಲೆಕ್ಕವನ್ನು ಪ್ರೊಸೆಸರಿನ ಹಲವು ಕೋರ್‌ಗಳಿಗೆ ಹಂಚುವ ವ್ಯವಸ್ಥೆ ಬಂತು, 2010ರಲ್ಲಿ 64 ಬಿಟ್ ಆವೃತ್ತಿ ಬಂತು. 2018ರ ಹೊತ್ತಿಗೆ ಚಂದಾ ಆವೃತ್ತಿಯಲ್ಲಿ ಪಟ್ಟಿಯಲ್ಲಿ ಹೆಸರು ಹುಡುಕಿ ಅದರ ಮುಂದಿನ ಮಾಹಿತಿ ತರುವ ವಿಲುಕಪ್ ಸೂತ್ರಕ್ಕೆ ಒಳಗೊಳಗೇ ಸೂಚಿ ಕಟ್ಟಿಕೊಳ್ಳುವ ಉಪಾಯ ಸೇರಿತು. ಹಾಗಾಗಿ 'ಹಳೆ ಎರಡು ಸಾವಿರದ ಮೂರೇ ಚಲೋ ಇತ್ತು' ಎಂಬ ಮಾತು ತೆರೆಯುವ ಹೊತ್ತಿನ ಮಟ್ಟಿಗೆ ಒಪ್ಪಬಹುದು, ಲೆಕ್ಕದ ಮಟ್ಟಿಗೆ ಒಪ್ಪಲಾಗದು.

ಮಶೀನಿನ ಕಡೆ ಬಂದರೆ, ಕಣ್ಣಿಗೆ ಕಾಣುವ ಅಂತರ ಬರುವುದು ಡಿಸ್ಕ್‌ನಿಂದ. ಹಳೆ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಸೂಜಿ ಸರಿಯಬೇಕು. ಒಂದು ಕಡೆಯ ಮಾಹಿತಿ ಬಿಟ್ಟು ಇನ್ನೊಂದು ಕಡೆಯದನ್ನು ಎತ್ತಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು. ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು. ವಿಂಡೋಸ್ ಏಳುವಾಗ, ವರ್ಡ್ ತೆರೆಯುವಾಗ ಇಂಥ ಸಾವಿರಾರು ಚೂರು ಓದುಗಳು ನಡೆಯುವುದರಿಂದ ಹೊಸ ಮಶೀನ್ ರೆಕ್ಕೆ ಬಂದಂತೆ ಅನಿಸುತ್ತದೆ. ಆದರೆ ಫೈಲ್ ಒಮ್ಮೆ ಮೆಮೊರಿಗೆ ಬಂದು ಕೂತ ಮೇಲೆ ಎಕ್ಸೆಲ್ ಲೆಕ್ಕಕ್ಕೆ ಡಿಸ್ಕಿನ ಹಂಗಿಲ್ಲ. ಅಲ್ಲಿ ದುಡಿಯುವುದು ಪ್ರೊಸೆಸರ್. ಅಗ್ಗದ ಹೊಸ ಲ್ಯಾಪ್‌ಟಾಪಿನ ಕಡಿಮೆ ವಿದ್ಯುತ್ತಿನ ಪ್ರೊಸೆಸರ್, ಆರೇಳು ವರ್ಷದ ಹಿಂದಿನ ಒಳ್ಳೆಯ ಡೆಸ್ಕ್‌ಟಾಪ್ ಪ್ರೊಸೆಸರಿಗಿಂತ ಲೆಕ್ಕದಲ್ಲಿ ಹಿಂದೆ ಬೀಳಬಹುದು. ಮಶೀನ್ ಬೇಗ ಆನ್ ಆಗುತ್ತದೆ, ಫೈಲ್ ಬೇಗ ತೆರೆಯುತ್ತದೆ, ಆದರೆ ಒಂದು ದರ ತಿದ್ದಿದ ಕೂಡಲೇ ಪರದೆ ಹೆಪ್ಪುಗಟ್ಟುತ್ತದೆ ಎಂದರೆ ಕಾರಣ ಇದೂ ಇರಬಹುದು. ಆದರೆ ಅದಕ್ಕಿಂತ ಮೊದಲು ಫೈಲಿನೊಳಗೆ ಇಣುಕಬೇಕು.

ತಿಕೋಟಾ ಭಾಗದ ಒಣದ್ರಾಕ್ಷಿ ಲೆಕ್ಕದ ಫೈಲೊಂದನ್ನು ಹತ್ತಿರದಿಂದ ನೋಡೋಣ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಟಾವು, ಶೆಡ್ಡುಗಳಲ್ಲಿ ಒಣಗಿಸುವ ಕೆಲಸ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ಅದು ವಿಜಯಪುರದ ಮಾರುಕಟ್ಟೆಗೋ ಗಡಿಯಾಚೆಯ ತಾಸಗಾಂವ್, ಸಾಂಗ್ಲಿಗೋ ಹೋಗುತ್ತದೆ. ಹಾಳೆಯಲ್ಲಿ ತಾರೀಖು, ರೈತರ ಹೆಸರು, ಊರು, ಬಾಕ್ಸ್ ಸಂಖ್ಯೆ, ತೂಕ, ದರ್ಜೆ, ದರ, ಹಮಾಲಿ, ಕಮಿಷನ್, ಕೊಟ್ಟದ್ದು, ಬಾಕಿ. ಎಲ್ಲಕ್ಕಿಂತ ಭಾರ ಕೊನೆಯ ಕಾಲಂ, ಬಾಕಿ. ಅದಕ್ಕೆ ಹಾಕಿರುವ ಸೂತ್ರ ಸಾಮಾನ್ಯವಾಗಿ ಹೀಗಿರುತ್ತದೆ: ಎರಡನೇ ಸಾಲಿನಿಂದ ಈ ಸಾಲಿನವರೆಗಿನ ಎಲ್ಲ ಮೊತ್ತ ಕೂಡಿಸು. ಮೇಲಿನ ತುದಿಗೆ ಡಾಲರ್ ಚಿಹ್ನೆ ಹಾಕಿ ಭದ್ರ ಮಾಡಿ, ಕೆಳಗೆ ಎಳೆದುಬಿಡುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ.

ಆದರೆ ಒಳಗೆ ನಡೆಯುವುದನ್ನು ನೋಡಿ. ನೂರನೇ ಸಾಲಿನ ಬಾಕಿಗೆ ನೂರರ ಹತ್ತಿರ ಸಂಖ್ಯೆ ಕೂಡಿಸಬೇಕು, ಸಾವಿರನೇ ಸಾಲಿಗೆ ಸಾವಿರ. ಪ್ರತಿ ಸಾಲಿನ ಬಾಕಿ ಬರೆಯುವ ಮುನ್ನ ಗುಮಾಸ್ತ ಖಾತೆಪುಸ್ತಕದ ಮೊದಲ ಪುಟಕ್ಕೆ ಹೋಗಿ ಅಲ್ಲಿಂದ ಎಲ್ಲ ಕೂಡಿಸುತ್ತ ಬಂದಂತೆ. ಹಾಳೆಯಲ್ಲಿ 20,000 ಸಾಲುಗಳಿದ್ದರೆ ಒಟ್ಟು ಕೂಡಿಕೆ 20 ಕೋಟಿ ದಾಟುತ್ತದೆ. ಅದೇ ಬಾಕಿಯನ್ನು 'ಮೇಲಿನ ಸಾಲಿನ ಬಾಕಿ, ಅದಕ್ಕೆ ಈ ಸಾಲಿನ ಮೊತ್ತ' ಎಂದು ಬರೆದರೆ ಕೂಡಿಕೆ ಬರೀ 20,000. ನಾಲ್ಕು ಕೋರ್‌ಗಳಿಗೆ ಸರಿಯಾಗಿ ಹಂಚಿದರೂ ಮೊದಲ ಸೂತ್ರದಲ್ಲಿ ಒಂದೊಂದು ಕೋರ್‌ಗೆ 5 ಕೋಟಿ ಉಳಿಯುತ್ತದೆ. ಇದನ್ನು ಸರಿದೂಗಿಸುವ ಮಶೀನ್ ಸ್ಟೇಷನ್ ರಸ್ತೆಯಲ್ಲೂ ಸಿಗುವುದಿಲ್ಲ, ಬೆಂಗಳೂರಿನಲ್ಲೂ ಸಿಗುವುದಿಲ್ಲ. ಒಂದು ಸೂತ್ರ ತಿದ್ದಿ ಕೆಳಗೆ ಎಳೆಯಲು ಖರ್ಚು ಏನೂ ಇಲ್ಲ.

ಎಕ್ಸೆಲ್ ಪ್ರತಿ ಸಲವೂ ಎಲ್ಲವನ್ನೂ ಲೆಕ್ಕ ಹಾಕುವುದಿಲ್ಲ ಎಂಬುದನ್ನೂ ಹೇಳಬೇಕು. ಬದಲಾದ ಕೋಶವನ್ನು ನೆಚ್ಚಿದ ಕೋಶಗಳನ್ನಷ್ಟೇ ಅದು ಮುಟ್ಟುತ್ತದೆ. ಕೊನೆಗೊಂದು ಸಾಲು ಸೇರಿಸಿದರೆ ಕೆಲಸ ಕಡಿಮೆ. ಫೆಬ್ರವರಿಯ ಒಂದು ದರ ತಪ್ಪಾಗಿದೆಯೆಂದು ಮಾರ್ಚ್ ಕೊನೆಗೆ ತಿದ್ದಿದರೆ ಆಗ ಅದರ ಕೆಳಗಿನ ಬಾಕಿಗಳೆಲ್ಲ ಮತ್ತೆ ಏಳುತ್ತವೆ. ಅದಕ್ಕೇ ಒಬ್ಬರೇ ಒಂದೇ ಫೈಲಿನ ಬಗ್ಗೆ ಬೆಳಗ್ಗೆ 'ಚಲೋ ನಡದದ' ಅಂದು ಸಂಜೆ 'ಹ್ಯಾಂಗ್ ಆಗ್ಯದ' ಅನ್ನುತ್ತಾರೆ. ಎರಡೂ ನಿಜ.

ಇನ್ನೊಂದು ಕಾಲಂ ಇದೆ, 'ಎಷ್ಟು ದಿನದ ಬಾಕಿ' ಎಂದು. ಮಾಲು ಹೋಗಿ ಹಣ ಬರುವವರೆಗಿನ ದಿನ ಎಣಿಸಲು ಪ್ರತಿ ಸಾಲಿನಲ್ಲೂ ಇವತ್ತಿನ ತಾರೀಖು ತರುವ ಟುಡೇ ಸೂತ್ರ ಹಾಕಿರುತ್ತಾರೆ. ಇದು ಎಕ್ಸೆಲ್‌ನಲ್ಲಿ ಚಂಚಲ ಸೂತ್ರಗಳ ಪೈಕಿ ಸೇರಿದ್ದು. ಹಾಳೆಯಲ್ಲಿ ಎಲ್ಲೇ ಏನೇ ಬರೆದರೂ ಇದು ಮತ್ತೆ ಲೆಕ್ಕವಾಗುತ್ತದೆ, ಇದನ್ನು ನೆಚ್ಚಿದ ಬಡ್ಡಿಯ ಕಾಲಮ್ಮೂ ಲೆಕ್ಕವಾಗುತ್ತದೆ. ಒಂದು ಫೋನ್ ನಂಬರ್ ಬರೆದರೂ ಸಾವಿರಾರು ಬಡ್ಡಿ ಲೆಕ್ಕ ಎದ್ದು ಕೂರುತ್ತದೆ. ಬೆಳಗ್ಗೆ ಅಂಗಡಿ ತೆಗೆದಾಗ ಒಂದೇ ಕೋಶದಲ್ಲಿ ಕಂಟ್ರೋಲ್ ಮತ್ತು ಸೆಮಿಕೋಲನ್ ಒತ್ತಿ ಅಂದಿನ ತಾರೀಖು ಇಳಿಸಿ, ಎಲ್ಲ ಸಾಲುಗಳೂ ಆ ಕೋಶವನ್ನೇ ನೋಡುವಂತೆ ಮಾಡಿದರೆ ಆ ಗದ್ದಲ ಅಲ್ಲಿಗೇ ನಿಲ್ಲುತ್ತದೆ.

ಆವೃತ್ತಿ ಬದಲಾದ ಮೇಲೆ ಫೈಲ್ ತೆರೆಯಲು ಹೊತ್ತು ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಹಳೆ ಆವೃತ್ತಿಯಲ್ಲಿ ಲೆಕ್ಕವಾಗಿ ಸೇವ್ ಆದ ಫೈಲನ್ನು ಹೊಸ ಎಕ್ಸೆಲ್ ತೆರೆದಾಗ ಅದು ಇಡೀ ಪುಸ್ತಕವನ್ನು ಮೊದಲಿಂದ ಲೆಕ್ಕ ಹಾಕುತ್ತದೆ. ನೀವು ಏನನ್ನೂ ಮುಟ್ಟದಿದ್ದರೂ ಮುಚ್ಚುವಾಗ 'ಸೇವ್ ಮಾಡಬೇಕೆ' ಎಂದು ಕೇಳುವುದು ಅದಕ್ಕೇ. ಒಮ್ಮೆ ಹೊಸದರಲ್ಲಿ ಸೇವ್ ಮಾಡಿದರೆ ಕೆಲಸ ಮುಗಿಯಿತು. ಆದರೆ ತಿಕೋಟಾದ ಗೋದಾಮಿನಲ್ಲಿ ಹಳೆ ಮಶೀನ್, ವಿಜಯಪುರದ ಆಫೀಸಿನಲ್ಲಿ ಹೊಸದು, ನಡುವೆ ಪೆನ್ ಡ್ರೈವ್ ಓಡಾಟ ಎಂದಾದರೆ? ಗೋದಾಮಿನಿಂದ ಬಂದಾಗಲೆಲ್ಲ ಹೊಸ ಮಶೀನ್ ಪೂರ್ತಿ ಲೆಕ್ಕಕ್ಕೆ ಕೂರುತ್ತದೆ. ಆಫೀಸಿನವರು ಹೊಸ ಆವೃತ್ತಿಯನ್ನು ಬೈಯುತ್ತಾರೆ, ಗೋದಾಮಿನವರು 'ನಮ್ಮಲ್ಲಿ ಚಲೋ ನಡೀತದಲ್ಲ' ಅನ್ನುತ್ತಾರೆ. ಜಗಳ ಬಗೆಹರಿಯುವುದೇ ಇಲ್ಲ.

ಫೈಲಿನ ಜಾತಿಯೂ ನೋಡಬೇಕು. ಎಕ್ಸೆಲ್ 2003ರವರೆಗೆ ಇದ್ದದ್ದು ಎಕ್ಸ್‌ಎಲ್‌ಎಸ್. ಅದರಲ್ಲಿ 65,536 ಸಾಲು, 256 ಕಾಲಂ. 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು, 16,384 ಕಾಲಂ. ಹಳೆ ಫೈಲನ್ನು ಹೊಸ ಎಕ್ಸೆಲ್‌ನಲ್ಲಿ ತೆರೆದರೆ ಮೇಲೆ 'ಕಂಪ್ಯಾಟಿಬಿಲಿಟಿ ಮೋಡ್' ಎಂದು ಕಾಣುತ್ತದೆ, ಹಾಳೆ ಹಳೆ ಅಳತೆಯಲ್ಲೇ ಉಳಿಯುತ್ತದೆ. ಇದು ವೇಗದ ಪ್ರಶ್ನೆ ಮಾತ್ರವಲ್ಲ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಸಂಸ್ಥೆಯಲ್ಲಿ ಎಕ್ಸ್‌ಎಲ್‌ಎಸ್‌ನ ಸಾಲಿನ ಮಿತಿ ಮೀರಿ ಸುಮಾರು 16,000 ಕೋವಿಡ್ ಪ್ರಕರಣಗಳು ಪಟ್ಟಿಯಿಂದ ಬಿಟ್ಟುಹೋದವು. ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಆ ಮಟ್ಟಿಗೆ ತಡವಾಯಿತು. ವರ್ಷಗಳ ಲೆಕ್ಕವನ್ನು ಒಂದೇ ಎಕ್ಸ್‌ಎಲ್‌ಎಸ್‌ನಲ್ಲಿ ತುಂಬುತ್ತ ಬಂದವರು ಹೊಸ ಮಶೀನಿಗೆ ಬಂದ ದಿನವೇ 'ಸೇವ್ ಆ್ಯಸ್' ಮಾಡಿ ಜಾತಿ ಬದಲಿಸುವುದು ಒಳ್ಳೆಯದು. ಜೊತೆಗೆ ಕಂಟ್ರೋಲ್ ಮತ್ತು ಎಂಡ್ ಒತ್ತಿ ನೋಡಿ. ಮಾಹಿತಿ ಎಂಟು ಸಾವಿರ ಸಾಲಿಗೆ ಮುಗಿದಿದ್ದು, ಕರ್ಸರ್ ಲಕ್ಷದ ಆಚೆ ಹೋಗಿ ನಿಂತರೆ, ಖಾಲಿ ಸಾಲುಗಳಿಗೆಲ್ಲ ಬಣ್ಣ, ಗೆರೆ ಹಾಕಿದ ಭಾರ ಫೈಲ್ ಮೇಲೆ ಇದೆ ಎಂದರ್ಥ. ಆ ಸಾಲುಗಳನ್ನು ಅಳಿಸಿ ಸೇವ್ ಮಾಡಿದರೆ ಫೈಲಿನ ಗಾತ್ರವೇ ಇಳಿಯುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಬದಲಾವಣೆಯಲ್ಲಿ ಬೇರೆಯದೇ ತೊಂದರೆ ಇದೆ. ಅದರ ಬಗ್ಗೆ ಮಾತಾಡುವವರು ಕಡಿಮೆ. 1998ರಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಮನೆಮಾತಾಯಿತು. ಆ ಕಾಲದ ನುಡಿ ಫೈಲುಗಳಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಮೇಲೆ ಕೂತು ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಎಕ್ಸೆಲ್‌ನಲ್ಲಿ ರೈತರ ಹೆಸರನ್ನು ಹೀಗೆ ಹೊಡೆದಿದ್ದರೆ ಅಕಾರಾದಿ ಕ್ರಮ ಬರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ವಿಲುಕಪ್‌ನದು. ಆ ಸೂತ್ರ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ನಡುವೆ ಭೇದ ಮಾಡುವುದಿಲ್ಲ. ಹಳೆ ನುಡಿಯಲ್ಲಿ ದೊಡ್ಡಕ್ಷರಕ್ಕೆ ಒಂದು ಕನ್ನಡ ರೂಪ, ಅದೇ ಸಣ್ಣಕ್ಷರಕ್ಕೆ ಇನ್ನೊಂದು. ಹಾಗಾಗಿ ಎರಡು ಬೇರೆ ಹೆಸರುಗಳನ್ನು ಎಕ್ಸೆಲ್ ಒಂದೇ ಎಂದು ಹಿಡಿದು, ಒಬ್ಬರ ದರ ಇನ್ನೊಬ್ಬರ ಮುಂದೆ ತಂದು ಇಡುವ ಸಾಧ್ಯತೆ ಇದೆ. ಯಾವ ಆವೃತ್ತಿಯ ವೇಗವೂ ಇದನ್ನು ಸರಿಮಾಡದು. ಹೆಸರುಗಳನ್ನು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಬೇಕು, ಅಥವಾ ಪ್ರತಿ ರೈತರಿಗೂ ಒಂದು ಸಂಖ್ಯೆ ಕೊಟ್ಟು ಆ ಸಂಖ್ಯೆಯಿಂದಲೇ ಹುಡುಕಬೇಕು.

ಯೂನಿಕೋಡ್ ಹಾಕಿದರೆ ಕಂಪ್ಯೂಟರ್ ನಿಧಾನವಾಗುತ್ತದೆ ಎಂಬ ಹೆದರಿಕೆ ಡಿಟಿಪಿ ಮಾಡುವ ಕೆಲವರಲ್ಲಿ ಈಗಲೂ ಇದೆ. ಯೂನಿಕೋಡ್‌ನಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಆರು ಸಂಕೇತ ಬೇಕು, ಅವನ್ನು ಜೋಡಿಸಿ ಆಕಾರ ಕೊಡುವ ಕೆಲಸವೂ ನಡೆಯಬೇಕು, ನಿಜ. ಇವತ್ತಿನ ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಬರುವ ಹೊರೆಯಲ್ಲ. ಬಬಲೇಶ್ವರದಂಥ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ನಿಜವಾಗಿ ಕೆಡುವುದು ಪುಟ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕನ್ನಡಕ್ಕೆ ತುಂಗಾ ಫಾಂಟ್ ಇತ್ತು. ವಿಂಡೋಸ್ 10ರಿಂದ ಅದು ತಾನಾಗಿ ಬರುವುದಿಲ್ಲ, ಕನ್ನಡದ ಪೂರಕ ಫಾಂಟುಗಳ ಐಚ್ಛಿಕ ಕಟ್ಟಿನಲ್ಲಿ ಕೂತಿದೆ. ಹೊಸ ಮಶೀನಿನಲ್ಲಿ ತುಂಗಾ ಇಲ್ಲದಿದ್ದರೆ ಅದರ ಜಾಗಕ್ಕೆ ನಿರ್ಮಲಾ ಬಂದು ಕೂರುತ್ತದೆ. ಅದರ ಸಾಲಿನ ಎತ್ತರ ಬೇರೆ, ಅಕ್ಷರದ ಅಗಲ ಬೇರೆ. ಒಂದೇ ಪುಟಕ್ಕೆ ಅಚ್ಚುಕಟ್ಟಾಗಿ ಕೂರುತ್ತಿದ್ದ ಅಫಿಡವಿಟ್ಟಿನ ಸಹಿಯ ಸಾಲು ಎರಡನೇ ಪುಟಕ್ಕೆ ಜಾರುತ್ತದೆ. ಸ್ಟ್ಯಾಂಪ್ ಕಾಗದಕ್ಕೆ ಹೊಂದಿಸಿಟ್ಟ ಅಂಚು ತಪ್ಪುತ್ತದೆ. ಟೈಪ್ ಮಾಡುವವರು ಅದನ್ನು ಎಳೆದು ಕುಗ್ಗಿಸುತ್ತ ಕೂರುವ ಹೊತ್ತನ್ನು 'ವರ್ಡ್ ಸ್ಲೋ ಆಗ್ಯದ' ಎಂಬ ಖಾತೆಗೆ ಬರೆಯುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ಫಾಂಟ್ ಕಟ್ಟನ್ನು ಸೇರಿಸಿದರೆ ತುಂಗಾ ಮರಳಿ ಬರುತ್ತದೆ.

ಹಾಗಾದರೆ ಹೋಲಿಸುವುದು ಹೇಗೆ? ದುಬಾರಿ ಸಾಧನ ಏನೂ ಬೇಡ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ನಿಮ್ಮ ಅತ್ಯಂತ ಭಾರದ ಫೈಲನ್ನೇ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಸಿಗುವ ಪರೀಕ್ಷೆಯ ಅಂಕಗಳು ನಿಮ್ಮ ಒಣದ್ರಾಕ್ಷಿ ಲೆಕ್ಕದ ಬಗ್ಗೆ ಏನೂ ಹೇಳವು. ಫೈಲ್ ಪೆನ್ ಡ್ರೈವ್‌ನಲ್ಲಿ ಇರಬಾರದು, ಆಯಾ ಮಶೀನಿನ ಡಿಸ್ಕ್‌ನಲ್ಲೇ ಇರಬೇಕು. ಮಶೀನ್ ರೀಸ್ಟಾರ್ಟ್ ಮಾಡಿ, ವಿಂಡೋಸಿನ ಹಿನ್ನೆಲೆ ಕೆಲಸ ಮುಗಿಯಲು ಕೆಲವು ನಿಮಿಷ ಬಿಟ್ಟು ತೆರೆಯಿರಿ. ಮುಚ್ಚಿ ಮತ್ತೆ ತೆರೆಯಿರಿ. ಎರಡನೆಯ ಸಲ ಬೇಗ ತೆರೆಯುವುದು ಖಚಿತ, ಯಾಕೆಂದರೆ ಆಗಷ್ಟೇ ಓದಿದ್ದನ್ನು ವಿಂಡೋಸ್ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಹಳೆ ಮಶೀನಿನ ಮೊದಲ ಸಲವನ್ನು ಹೊಸದರ ಎರಡನೇ ಸಲದ ಜೊತೆ ಹೋಲಿಸಿ ಖುಷಿಪಟ್ಟವರಿದ್ದಾರೆ. ಹೊಸದರ ಬಗ್ಗೆ ಬೇಜಾರಾದವರು ಇದನ್ನೇ ತಿರುಗಾಮುರುಗಾ ಮಾಡಿರುತ್ತಾರೆ. ಲೆಕ್ಕದ ವೇಗಕ್ಕೆ ಕಂಟ್ರೋಲ್, ಆಲ್ಟ್, ಎಫ್9 ಮೂರನ್ನೂ ಒಟ್ಟಿಗೆ ಒತ್ತಿದರೆ ಎಕ್ಸೆಲ್ ಎಲ್ಲವನ್ನೂ ಮೊದಲಿಂದ ಲೆಕ್ಕ ಹಾಕುತ್ತದೆ. ಅದರ ಹೊತ್ತು ಬೇರೆಯಾಗಿ ಬರೆದಿಡಿ. ಒಂದೇ ಅಳತೆ ನಂಬಬೇಡಿ, ಕೆಲವು ಸಲ ಅಳೆದು ನಡುವಿನದನ್ನು ಹಿಡಿಯಿರಿ. ಹೊಸ ಆಫೀಸಿನ ಬಗ್ಗೆ ಅನುಮಾನವಿದ್ದರೆ ಅದೇ ಮಶೀನಿನಲ್ಲಿ ಅದೇ ಫೈಲನ್ನು ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲೂ ತೆರೆದು ನೋಡಬಹುದು. ಅಲ್ಲೂ ಅಷ್ಟೇ ಒದ್ದಾಡಿದರೆ ಫೈಲೇ ಆರೋಪಿ ಎಂದು ಹೆಚ್ಚುಕಡಿಮೆ ತೀರ್ಮಾನಿಸಬಹುದು.

ಅಳೆಯುವ ಮುನ್ನ ಪ್ರಿಂಟರ್ ನೋಡಿ. ವರ್ಡ್, ಎಕ್ಸೆಲ್ ಎರಡೂ ಪುಟದ ಅಳತೆಗಾಗಿ ಡಿಫಾಲ್ಟ್ ಪ್ರಿಂಟರಿನ ಮಾಹಿತಿ ಕೇಳುತ್ತವೆ. ಆಫ್ ಆಗಿರುವ ನೆಟ್‌ವರ್ಕ್ ಪ್ರಿಂಟರ್ ಡಿಫಾಲ್ಟ್ ಆಗಿದ್ದರೆ ಉತ್ತರಕ್ಕೆ ಕಾಯುತ್ತ ತೆರೆಯುವುದೇ ತಡವಾಗಬಹುದು.

ವಿಜಯಪುರದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹೊರಗಿನ ಶಾಖ 40 ಡಿಗ್ರಿ ದಾಟುವುದು ಮಾಮೂಲು. ಒಣದ್ರಾಕ್ಷಿಯ ಹಂಗಾಮು, ಮಾರ್ಚ್ 31ರ ವರ್ಷಾಂತ್ಯ, ಬಿರುಬೇಸಿಗೆ ಒಂದರ ಬೆನ್ನಿಗೊಂದು ಬರುತ್ತವೆ. ಪ್ರೊಸೆಸರ್ ತನ್ನ ಮಿತಿಗೆ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ತೆಳುವಾದ ಲ್ಯಾಪ್‌ಟಾಪಿಗೆ, ಫ್ಯಾನಿನಲ್ಲಿ ಧೂಳು ಕಟ್ಟಿದ ಮಶೀನಿಗೆ ಇದು ಬೇಗ ಬರುತ್ತದೆ. ಬೆಳಗ್ಗೆ ಎಂಟಕ್ಕೆ ಹೊಸದನ್ನು ಅಳೆದು, ಮಧ್ಯಾಹ್ನ ಮೂರಕ್ಕೆ ಹಳೆಯದನ್ನು ಅಳೆದರೆ ಹೋಲಿಕೆ ನ್ಯಾಯವಾಗುವುದಿಲ್ಲ. ಎರಡನ್ನೂ ಒಂದೇ ಹೊತ್ತಿಗೆ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಅಳೆಯಬೇಕು.

32 ಬಿಟ್, 64 ಬಿಟ್ ಬಗ್ಗೆ ಒಂದೇ ಮಾತು. ಆಫೀಸ್ 2019ರಿಂದ ತಾನಾಗಿ ಇನ್‌ಸ್ಟಾಲ್ ಆಗುವುದು 64 ಬಿಟ್. ದೊಡ್ಡ ಫೈಲಿಗೆ ಮೆಮೊರಿ ಸಾಲದ ತೊಂದರೆ ಇದರಿಂದ ತಪ್ಪುತ್ತದೆ, ಸಣ್ಣ ಫೈಲಿನ ವೇಗಕ್ಕೆ ಇದರಿಂದ ದೊಡ್ಡ ಲಾಭವಿಲ್ಲ. ಆದರೆ ಯಾರೋ ಬಹಳ ಹಿಂದೆ ಬರೆದುಕೊಟ್ಟ ಮ್ಯಾಕ್ರೊ, ಬಿಲ್ ತೆಗೆಯುವ ಹಳೆ ಆ್ಯಡ್-ಇನ್ 32 ಬಿಟ್‌ನದಾಗಿದ್ದರೆ ಕೆಲಸವೇ ಮಾಡದಿರಬಹುದು. ಇದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು.

ಹಳೆ ಮಶೀನನ್ನು ಬದಲಿಗೆ ಕೊಟ್ಟು ನಾಲ್ಕು ಕಾಸು ಕಡಿಮೆ ಮಾಡಿಸಿಕೊಳ್ಳುವ ಆತುರ ಎಲ್ಲರಿಗೂ ಇರುತ್ತದೆ. ನನ್ನ ಮಾತು ಕೇಳುವುದಾದರೆ ಒಂದು ತಿಂಗಳು ತಡೆಯಿರಿ. ನೆಟ್ ಸಂಪರ್ಕ ತೆಗೆದು ಮೂಲೆಯಲ್ಲಿ ಇಡಿ. ಆ ತಿಂಗಳ ಲೆಕ್ಕವನ್ನು ಎರಡರಲ್ಲೂ ತೆರೆದು ಪ್ರತಿ ರೈತರ ಬಾಕಿ, ಕಮಿಷನ್, ಒಟ್ಟು ತೂಕ ರೂಪಾಯಿಗೆ ರೂಪಾಯಿ, ಕಿಲೋಗೆ ಕಿಲೋ ತಾಳೆಯಾಗುತ್ತದೆಯೇ ನೋಡಿ. ಸೂತ್ರ ತಿದ್ದಿದ್ದೀರಿ, ಫೈಲಿನ ಜಾತಿ ಬದಲಿಸಿದ್ದೀರಿ, ಹೆಸರುಗಳನ್ನು ಯೂನಿಕೋಡ್ ಮಾಡಿದ್ದೀರಿ. ಎಲ್ಲಾದರೂ ಒಂದು ಸಾಲು ತಪ್ಪಿದ್ದರೆ ಅದು ಗೊತ್ತಾಗುವುದು ಹಳೆಯದರ ಪಕ್ಕ ಇಟ್ಟಾಗಲೇ. ತಾಳೆಯಾದ ಮೇಲೆ ಹಳೆ ಡಿಸ್ಕ್‌ನ ಪ್ರತಿ ಒಂದನ್ನು ಬೇರೆ ಕಡೆ ತೆಗೆದಿಟ್ಟು, ಗ್ರಾಹಕರ ಆಧಾರ್, ಬ್ಯಾಂಕ್ ಖಾತೆಯ ಫೈಲುಗಳು ಅದರಲ್ಲಿ ಉಳಿಯದಂತೆ ಪೂರ್ತಿ ಅಳಿಸಿ, ಆಮೇಲೆ ಮಾರಿ.